ಗಳಿಗಕ್ಕನ ಕೊನೆಯ ಚೆಂಡು

ಬ್ರೆಡ್ ಕಾರ್ಖಾನೆಯ ಹೆಂಗಸರ ಬಾಸ್ಕೆಟ್‌ಬಾಲ್ ತಂಡದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಆರು ವರ್ಷದ ಹಿಂದೊಂದು ಪಂದ್ಯದಲ್ಲಿ, ಮುಗಿಯಲು ಮೂರೇ ಸೆಕೆಂಡ್ ಇರುವಾಗ ಅವಳು ಎಸೆದ ಚೆಂಡು ಬೋರ್ಡಿಗೆ ಬಡಿದು, ರಿಂಗಿನ ಮೇಲೆ ಎರಡು ಸುತ್ತು ಹಾಕಿ, ಒಂದಿಷ್ಟು ಯೋಚನೆ ಮಾಡಿ ಒಳಗಿಳಿದಿತ್ತು. ಅಂದಿನಿಂದ ಅವಳು ಕೊನೆ ಗಳಿಗೆ ಅಕ್ಕ. ಕೂಗುವವರ ಬಾಯಲ್ಲಿ ಸವೆದು ಸವೆದು ಗಳಿಗಕ್ಕ. ಅವತ್ತು ಅವಳು ರಿಂಗಿನಿಂದ ಆರು ಹೆಜ್ಜೆ ದೂರದಲ್ಲಿದ್ದಳು. ವರ್ಷಕ್ಕೆರಡು ಹೆಜ್ಜೆಯಂತೆ ಬೆಳೆದು, ಆ ದೂರ ಈಗ ಅಂಕಣದ ನಡುಗೆರೆ ಮುಟ್ಟಿತ್ತು. ತಿದ್ದುವ ಗೋಜಿಗೆ ಅವಳು ಹೋಗಿರಲಿಲ್ಲ. ಅಷ್ಟೊಂದು ಜನ ಖುಷಿಯಿಂದ ಹೇಳುತ್ತಿರುವಾಗ ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲ.

ಅವಳ ಕೆಲಸ ಒಲೆಯ ವಿಭಾಗದಲ್ಲಿ. ಕೋಣೆಯಷ್ಟು ದೊಡ್ಡ ಒಲೆಯ ಗಾಜಿನ ಕಿಂಡಿಯಲ್ಲಿ ಇಣುಕುತ್ತ, ಬ್ರೆಡ್ಡಿನ ಬೆನ್ನು ಸರಿಯಾದ ಕಂದು ಬಣ್ಣಕ್ಕೆ ತಿರುಗಿದೊಡನೆ ಉದ್ದನೆಯ ಕೊಕ್ಕೆಯಿಂದ ಟ್ರೇ ಎಳೆಯಬೇಕು. “ಆ ಕಾವಿನ ಮುಂದೆ ನಿಂತವಳಿಗೆ ಪಂದ್ಯದ ಕಾವು ಯಾವ ಲೆಕ್ಕ!” ಎಂದು ಹಿಟ್ಟು ಜರಡಿಯವರು ಹೇಳುತ್ತಿದ್ದರು. ಈಗಂತೂ ಕಾರ್ಖಾನೆ ನೆಲದ ಮೇಲೆ ನಿಂತಿರಲಿಲ್ಲ. ಕಾರ್ಖಾನೆಗಳ ಪಂದ್ಯಾವಳಿಯಲ್ಲಿ ಬ್ರೆಡ್ಡಿನವರು ಮೊದಲ ಸಲ ಫೈನಲ್ ಮುಟ್ಟಿದ್ದರು. ಎದುರಿಗೆ ಔಷಧಿ ಕಾರ್ಖಾನೆ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರದೂ ಒಂದೇ ಮಾತು: “ಕೊನೇಲಿ ನೀನಿದ್ದೀಯಲ್ಲ, ಇನ್ನೇನು ಬಿಡಮ್ಮ.” ಅವಳು “ನೋಡೋಣ” ಅನ್ನುತ್ತಿದ್ದಳು, ಆಗಲೇ ನೋಡಿ ಬಂದವಳ ಮುಖ ಮಾಡಿಕೊಂಡು.

ಈ ಕೀರ್ತಿಗೆ ಬರಿಯ ಬಾಯಿಮಾತಿನ ಆಧಾರವಲ್ಲ, ಲಿಖಿತ ಆಧಾರವೇ ಇತ್ತು. ಕಾರ್ಖಾನೆಯ ಸ್ಟೋರ್ ಕೀಪರ್ ತಂಡದ ಪ್ರತಿ ಪಂದ್ಯಕ್ಕೂ ಹಸಿರು ರಟ್ಟಿನ ಪುಸ್ತಕ ಹಿಡಿದು ಬರುತ್ತಿದ್ದರು. ಬಿದ್ದ ಪ್ರತಿ ಚೆಂಡನ್ನೂ ಹಾಕಿದವಳ ಹೆಸರು, ನಿಮಿಷ ಸಮೇತ ಬರೆದುಕೊಳ್ಳುತ್ತಿದ್ದರು. ಕೊನೆಯ ಎರಡು ನಿಮಿಷದ ಬುಟ್ಟಿಗಳಿಗೆ ಕೆಂಪು ಶಾಯಿ. ಆರು ವರ್ಷದ ಪುಟಗಳನ್ನು ಸರಸರ ತಿರುಗಿಸಿದರೆ ಗಳಿಗಕ್ಕನ ಹೆಸರು ದಾರಿಯುದ್ದಕ್ಕೂ ಹೂ ಬಿಟ್ಟ ಹಾಗೆ ಕೆಂಪಗೆ ಕಾಣುತ್ತಿತ್ತು.

ತೊಂದರೆ ತಂದವಳು ನಾದಿನಿ.

ನಾದಿನಿಯೂ ತಂಡದವಳೇ, ಆದರೆ ಈ ಸಲ ಮೊದಲ ಪಂದ್ಯಕ್ಕೂ ಮುಂಚೆ ಮಂಡಿ ಉಳುಕಿಸಿಕೊಂಡು ಬೆಂಚು ಹಿಡಿದಿದ್ದಳು. ಕಾರ್ಖಾನೆಯಲ್ಲಿ ಅವಳದು ತೂಕದ ಮೇಜು. ತೂಕ ಕಮ್ಮಿಯಾದ, ಸೊಟ್ಟಗಾದ, ಬೆನ್ನು ಸೀದ ಬ್ರೆಡ್ಡನ್ನು ಪಕ್ಕಕ್ಕೆ ತಳ್ಳಿ, ಎಷ್ಟು ತಳ್ಳಿದೆ ಎಂದು ಬರೆದಿಡುವುದು. ಸರಿಯಾಗಿರುವ ಬ್ರೆಡ್ಡು ತನ್ನ ಪಾಡಿಗೆ ತಾನು ಮುಂದೆ ಹೋಗುತ್ತದೆ, ಅದರ ಸುದ್ದಿ ಅವಳಿಗೆ ಬೇಡ. ಬೆಂಚಿನ ಮೇಲೆ ಕೂತು ಬೇಸರವಾಗಿ ಅವಳೂ ಒಂದು ಪುಸ್ತಕ ಹಿಡಿದಳು. ಅಭ್ಯಾಸಬಲದಿಂದ ಬರೆದದ್ದು ತಪ್ಪಿದ ಚೆಂಡುಗಳನ್ನು ಮಾತ್ರ.

ಶನಿವಾರ ಫೈನಲ್ಲು. ಬುಧವಾರ ಊಟದ ಬಿಡುವಿನಲ್ಲಿ ಗಳಿಗಕ್ಕ ತಟ್ಟೆ ಹಿಡಿದು ಕ್ಯಾಂಟೀನಿಗೆ ಬಂದಾಗ ಮೂಲೆಯ ಮೇಜಿನ ಮೇಲೆ ಎರಡು ಪುಸ್ತಕಗಳೂ ಅಕ್ಕಪಕ್ಕ ತೆರೆದಿದ್ದವು. ಒಂದು ಬದಿಗೆ ಸ್ಟೋರ್ ಕೀಪರ್, ಇನ್ನೊಂದು ಬದಿಗೆ ನಾದಿನಿ. ಮಧ್ಯದಲ್ಲಿ ತಲೆ ಮೇಲೆ ಕೈ ಹೊತ್ತು ಕೋಚ್. ಕೋಚ್ ಅಂದರೆ ಬ್ರೆಡ್ ವ್ಯಾನಿನ ಡ್ರೈವರ್, ನಾದಿನಿಯ ಅಣ್ಣ. ಹಾಗಾಗಿ, ವಿಧಿಯಿಲ್ಲದೆ, ಗಳಿಗಕ್ಕನ ಗಂಡ.

“ಏನ್ರೀ ಇದು, ಮೂರೂ ಜನ ಸೇರಿ ಯಾರ ಜಾತಕ ನೋಡ್ತಿದ್ದೀರ?”

ಯಾರೂ ತಲೆ ಎತ್ತಲಿಲ್ಲ. ಜಾತಕ ಯಾರದೆಂದು ಅವಳಿಗೆ ಆಗಲೇ ಗೊತ್ತಾಯಿತು.

“ಅತ್ತಿಗೆ, ಬೇಜಾರು ಮಾಡ್ಕೋಬೇಡಿ,” ಎಂದಳು ನಾದಿನಿ, ಬೇಜಾರು ಮಾಡಲು ಹೊರಟ ಎಲ್ಲರೂ ಅನ್ನುವ ಹಾಗೆ. “ಈ ಸಲ ಹನ್ನೆರಡು ಪಂದ್ಯ. ಕೊನೇ ಎರಡು ನಿಮಿಷದಲ್ಲಿ ನೀವು ಹಾಕಿದ್ದು ಹನ್ನೊಂದು.”

“ಗೊತ್ತಲ್ಲ. ಕೆಂಪು ಶಾಯೀಲಿದೆ.”

“ಬಿಟ್ಟಿದ್ದು ಇಪ್ಪತ್ತೊಂಬತ್ತು.”

ಗಳಿಗಕ್ಕ ತಟ್ಟೆ ಕೆಳಗಿಟ್ಟಳು. ಸ್ಟೋರ್ ಕೀಪರ್ ಕಡೆ ತಿರುಗಿದಳು. “ಸಾರ್, ನಿಮ್ಮ ಪುಸ್ತಕದಲ್ಲಿ ಹಾಗಿಲ್ವಲ್ಲ?”

“ನಾನು ತಪ್ಪಿದ್ದು ಬರೆಯಲ್ಲ ಕಣಮ್ಮ,” ಎಂದರು ಅವರು, ಮೂವತ್ತು ವರ್ಷದ ಸರ್ವಿಸ್ಸಿನ ಗಾಂಭೀರ್ಯದಿಂದ. “ಒಳಗೆ ಬಂದ ಸರಕು ಬರೀತೀನಿ. ಗೇಟಿನ ತನಕ ಬಂದು ವಾಪಸ್ ಹೋದ ಲಾರಿನ ಯಾರಾದರೂ ಸ್ಟೋರ್ ಪುಸ್ತಕದಲ್ಲಿ ಬರೀತಾರಾ?”

“ನಲವತ್ತು ಸಲ ಎಸೆದಿದ್ದೀರ ಅತ್ತಿಗೆ. ಎಲ್ಲರೂ ಚೆಂಡನ್ನ ನಿಮಗೇ ಕೊಡ್ತಾರೆ, ಅದಕ್ಕೇ ಹನ್ನೊಂದು ಬಿತ್ತು. ಮೊದಲ ಮೂವತ್ತೆಂಟು ನಿಮಿಷ ಎರಡಕ್ಕೊಂದು ಹಾಕೋರು ನೀವು. ಕೊನೇಲಿ ನಾಲ್ಕಕ್ಕೊಂದು.”

“ಅಂದ್ರೆ ನಾನು ಕೊನೇಲಿ ಕೆಟ್ಟದಾಗಿ ಆಡ್ತೀನಿ ಅಂತಾನಾ?”

“ನಾನು ಹೇಳ್ತಿಲ್ಲಪ್ಪ. ಎರಡು ಪುಸ್ತಕ ಸೇರಿ ಹೇಳ್ತಿವೆ.”

ಗಂಡ ಆಗ ಬಾಯಿ ಬಿಟ್ಟ. “ಇನ್ನೊಂದಿದೆ ಕಣೇ. ಪಿಸು.”

ಪಿಸು ಪ್ಯಾಕಿಂಗ್ ವಿಭಾಗದವಳು. ಯಂತ್ರದ ಗದ್ದಲದಲ್ಲೂ ಪಿಸುಮಾತಿನಲ್ಲೇ ಮಾತಾಡುವವಳಾದ್ದರಿಂದ ಆ ಹೆಸರು. ಪಂದ್ಯದಲ್ಲಿ ಅವಳು ಇದ್ದಾಳೆಂಬುದು ಕೆಲವೊಮ್ಮೆ ರೆಫರಿಗೂ ಗೊತ್ತಿರುತ್ತಿರಲಿಲ್ಲ. ಕೊನೆಯ ಎರಡು ನಿಮಿಷಗಳಲ್ಲಿ, ಗಳಿಗಕ್ಕನನ್ನು ಸುತ್ತುಗಟ್ಟಿದಾಗ ಎಲ್ಲೋ ಸಿಡಿದು ಬಂದ ಚೆಂಡು ಹತ್ತು ಸಲ ಪಿಸುವಿನ ಕೈಗೆ ಸಿಕ್ಕಿತ್ತು. ಎಂಟು ಸಲ ಒಳಗೆ.

“ಫೈನಲ್‌ನಲ್ಲಿ ಕೊನೇ ಚೆಂಡು ಅವಳಿಗೆ,” ಎಂದ ಗಂಡ. ತಂಗಿಯ ಪುಸ್ತಕವನ್ನು ನೋಡುತ್ತ ಹೇಳಿದ. ಹೆಂಡತಿಯ ಮುಖ ನೋಡುತ್ತ ಹೇಳುವ ಧೈರ್ಯ ಯಾವ ಕೋಚಿಗೂ ಇಲ್ಲ.

ಗಳಿಗಕ್ಕನಿಗೆ ಮೂವತ್ತೇಳು ವರ್ಷ. ಮೆಟ್ಟಿಲಿಳಿಯುವಾಗ ಎಡಮಂಡಿ ಮಾತಾಡಲು ಶುರುಮಾಡಿತ್ತು. ಇನ್ನೊಂದು ಫೈನಲ್ ಅವಳ ಆಯಸ್ಸಿನಲ್ಲಿ ಬರುವ ಸಂಭವ ಕಮ್ಮಿ. ಕಪ್ ಬೇಕು, ಸರಿಯೇ. ಆದರೆ ಅವಳಿಗೆ ನಿಜವಾಗಿ ಬೇಕಾದದ್ದು ಆ ಒಂದು ಚೆಂಡು. ಇಡೀ ಸಭಾಂಗಣ ಉಸಿರು ಬಿಗಿಹಿಡಿದಾಗ ತನ್ನ ಕೈಯಿಂದ ಹೊರಡುವ ಚೆಂಡು. ಅದು ಪಿಸುವಿನದಂತೆ!

ಮೂರು ದಿನ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಗಂಡ ನೀರು ಕೇಳಿದರೆ ಲೋಟ ಮೇಜಿನ ಮೇಲೆ ಕುಕ್ಕಿ ಕೂರುತ್ತಿತ್ತು. ಪಕ್ಕದ ಮನೆಯಲ್ಲೇ ಇರುವ ನಾದಿನಿ ಇಣುಕಿ ನೋಡಿ, ವಾತಾವರಣದ ವಾಸನೆ ಹಿಡಿದು, ಹಾಗೇ ಹಿಂದೆ ಸರಿಯುತ್ತಿದ್ದಳು. ಶನಿವಾರ ಮಧ್ಯಾಹ್ನ ವ್ಯಾನಿನಲ್ಲಿ ಗಂಡನ ಪಕ್ಕ ಕೂತಾಗ ಗಳಿಗಕ್ಕ ಮೊದಲ ಸಲ ಬಾಯಿ ತೆರೆದಳು.

“ಕೊನೇ ಚೆಂಡು ಯಾರದು?”

“ಪಿಸುದು.”

“ಇನ್ನೊಂದು ಸಲ ಯೋಚನೆ ಮಾಡಿ ಹೇಳಿ.”

“ಮಾಡ್ದೆ. ಪಿಸುದು.” ಅವನು ಗೇರ್ ಬದಲಿಸಿದ. “ಬೇಕಾದರೆ ಇನ್ನು ಮೂರು ತಿಂಗಳು ಮಾತು ಬಿಡು. ಪಂದ್ಯ ಮುಗಿದ ಮೇಲೆ.”

ಹಿಂದಿನ ಸೀಟಿನಲ್ಲಿ ಪಿಸು ಕಿಟಕಿಗೆ ಅಂಟಿಕೊಂಡು ಕೂತಿದ್ದಳು. ನಾದಿನಿ ಉತ್ಸಾಹ ತಡೆಯಲಾರದೆ ಹಿಂದಿನ ದಿನವೇ ಅವಳಿಗೆ ಎರಡೂ ಪುಸ್ತಕ ತೋರಿಸಿದ್ದಳು. “ಇದು ನಾನಾ?” ಎಂದು ಪಿಸು ಕೇಳಿದ್ದಳಂತೆ. ಆಮೇಲೆ ಆ ಎಂಟನ್ನು ಹೇಗೆ ಹಾಕಿದೆ ಎಂದು ನೆನಪಿಸಿಕೊಳ್ಳಲು ಹೋಗಿ ಒಂದೂ ನೆನಪಾಗದೆ ಮುಖ ಬಿಳಿಚಿಕೊಂಡಿತ್ತು. ಆ ಬಿಳುಪು ಇನ್ನೂ ಇಳಿದಿರಲಿಲ್ಲ.

ಸಭಾಂಗಣ ಕಿಕ್ಕಿರಿದಿತ್ತು. ಬ್ರೆಡ್ಡಿನವರು ಖಾಲಿ ಟ್ರೇಗಳನ್ನು ತಂದು ಬಡಿಯುತ್ತಿದ್ದರು. ಔಷಧಿಯವರು ಮಾತ್ರೆ ತುಂಬಿದ ಡಬ್ಬಿಗಳನ್ನು ಗಲಗಲ ಅಲ್ಲಾಡಿಸುತ್ತಿದ್ದರು. ಅವರ ತಂಡದಲ್ಲಿ ಆರಡಿ ಎತ್ತರದ ಒಬ್ಬಳು, ಎಲ್ಲರೂ ಕಂಬ ಎಂದು ಕರೆಯುವವಳು. ಜೊತೆಗೆ ಇಬ್ಬರು ದಪ್ಪನೆಯ ಗೆಳತಿಯರು. ಯಾರಾದರೂ ಮಧ್ಯೆ ನುಗ್ಗಿದರೆ ಎರಡೂ ಕಡೆಯಿಂದ ಧಡ್ ಎಂದು ಮುಚ್ಚಿಕೊಳ್ಳುತ್ತಿದ್ದ ಅವರಿಗೆ ಜೋಡಿ ಬಾಗಿಲು ಎಂದೇ ಹೆಸರು.

ಗಳಿಗಕ್ಕ ಸಿಟ್ಟಿನಲ್ಲಿ ಆಡಿದಳು. ಸಿಟ್ಟು ಅವಳಿಗೆ ಒಪ್ಪಿತು. ಮೊದಲ ಚೆಂಡೇ ಬಲೆಗೆ. ಎರಡನೆಯದು ಕಂಬದ ಬೆರಳ ತುದಿ ಸವರಿಕೊಂಡು ಬಲೆಗೆ. ಅರ್ಧ ಆಟ ಮುಗಿದಾಗ ಅವಳೊಬ್ಬಳದೇ ಹದಿನಾಲ್ಕು ಅಂಕ. “ನೋಡಿದ್ರಾ?” ಎಂಬಂತೆ ಬೆಂಚಿನ ಕಡೆ ಹುಬ್ಬು ಹಾರಿಸಿದರೆ ನಾದಿನಿ ಬೇಕಂತಲೇ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಆದರೂ ಔಷಧಿಯವರು ಬಿಟ್ಟುಕೊಡಲಿಲ್ಲ. ಇವರು ಎರಡು ಹಾಕಿದರೆ ಅವರು ಎರಡು. ಇವರು ಓಡಿದರೆ ಅವರು ಹಾರಿದರು. ಟ್ರೇಗಳ ಸದ್ದು, ಡಬ್ಬಿಗಳ ಸದ್ದು, ಶೂಗಳ ಕಿರ್ ಕಿರ್, ಸ್ಟೋರ್ ಕೀಪರ್ ತಮ್ಮ ಗಾಂಭೀರ್ಯವನ್ನು ಮಡಿಸಿಟ್ಟು ಕುರ್ಚಿಯ ಮೇಲೆ ಹತ್ತಿ ನಿಂತು “ಒಳಗೇ! ಒಳಗೇ!” ಎಂದು ಕೂಗುವ ಸದ್ದು. ಎರಡು ನಿಮಿಷ ಉಳಿದಾಗ ಹಲಗೆಯ ಮೇಲೆ ಅರವತ್ತು, ಅರವತ್ತು.

ಕಂಬ ಕೈ ಎತ್ತಿ ಸುಮ್ಮನೆ ಇಟ್ಟ ಹಾಗೆ ಎರಡು ಅಂಕ ಇಟ್ಟಳು. ಅರವತ್ತೆರಡು.

“ಪಿಸುಗೆ! ಪಿಸುಗೆ ಕೊಡೇ!” ಅಂಚಿನಲ್ಲಿ ಗಂಡ ಕುಣಿಯುತ್ತಿದ್ದ.

ಗಳಿಗಕ್ಕ ಹಲ್ಲು ಕಚ್ಚಿ ಚೆಂಡನ್ನು ಪಿಸುವಿಗೆ ಕೊಟ್ಟಳು. ಪಿಸು ಹಿಡಿದಳು. ರಿಂಗು ನೋಡಿದಳು. ಬೆಂಚು ನೋಡಿದಳು. ಮತ್ತೆ ರಿಂಗು ನೋಡಿದಳು. ಇಷ್ಟು ನೋಡಿ ಎಸೆದ ಚೆಂಡು ರಿಂಗಿನ ಅಂಚಿಗೆ ಬಡಿದು ಆಚೆ ಹಾರಿತು. ಮರುಓಟದಲ್ಲಿ ಫೌಲು. ಔಷಧಿಯವರಿಗೆ ಸಿಕ್ಕ ಎರಡು ಎಸೆತದಲ್ಲಿ ಒಂದು ಒಳಗೆ. ಅರವತ್ಮೂರು.

ಮತ್ತೆ ಚೆಂಡು ಪಿಸುವಿಗೆ. ಈ ಸಲ ಅವಳ ತುಟಿ ಅಲುಗುತ್ತಿತ್ತು, ಏನೋ ಎಣಿಸಿಕೊಳ್ಳುತ್ತಿದ್ದಳು. ಎಸೆದ ಚೆಂಡು ರಿಂಗನ್ನೂ ಮುಟ್ಟಲಿಲ್ಲ, ಬೋರ್ಡನ್ನೂ ಮುಟ್ಟಲಿಲ್ಲ. ಯಾರಿಗೂ ತೊಂದರೆ ಕೊಡದೆ ಅತ್ತ ಕಡೆ ಇಳಿಯುತ್ತಿದ್ದ ಅದನ್ನು ಗಳಿಗಕ್ಕ ಗಾಳಿಯಲ್ಲೇ ಕಿತ್ತುಕೊಂಡು, ಕಂಬದ ಕಂಕುಳಡಿಯಿಂದ ತಿರುಚಿ ಮೇಲಕ್ಕೆ ತಳ್ಳಿದಳು. ಬಿತ್ತು! ಅರವತ್ತೆರಡು, ಅರವತ್ಮೂರು. ಟ್ರೇಗಳು ಹುಚ್ಚೆದ್ದವು. ಮೂವತ್ತೊಂದು ಸೆಕೆಂಡ್.

ಔಷಧಿಯವರು ಅವಸರ ಮಾಡಲಿಲ್ಲ. ಚೆಂಡನ್ನು ಅತ್ತಿಂದಿತ್ತ, ಇತ್ತಿಂದತ್ತ ದಾಟಿಸುತ್ತ ಸಮಯ ತಿಂದರು. ತಮ್ಮ ಪಾಲಿನ ಇಪ್ಪತ್ನಾಲ್ಕು ಸೆಕೆಂಡ್ ತೀರುವ ಹೊತ್ತಿಗೆ ಎಸೆದರು. ಚೆಂಡು ರಿಂಗಿಗೆ ಬಡಿದು ಎಗರಿತು, ಹತ್ತು ಕೈ ಮೇಲೆದ್ದವು, ಬ್ರೆಡ್ಡಿನ ಕೈಗೆ ಸಿಕ್ಕಿತು. “ಟೈಮ್ ಔಟ್!” ಎಂದು ಗಂಡ ಕೂಗಿದ ಕೂಗಿಗೆ ಅವನ ಧ್ವನಿಯೇ ಒಡೆಯಿತು.

ಒಂಬತ್ತು ಸೆಕೆಂಡ್.

ಐದೂ ಜನ ಏದುಸಿರು ಬಿಡುತ್ತ ಬೆಂಚಿನ ಸುತ್ತ ಕುಸಿದರು. ಗಂಡ ಕೈಲಿದ್ದ ಹಲಗೆಯ ಮೇಲೆ ಮಾರ್ಕರಿನಿಂದ ಬಾಣ ಎಳೆದ. ಬಾಣ ಹೋಗಿ ಮೂಲೆಯಲ್ಲಿ ನಿಂತಿತು. “ಪಿಸು, ಇಲ್ಲಿ ನೀನು…”

“ಅಣ್ಣ, ಬೇಡ.” ಆ ಗದ್ದಲದಲ್ಲಿ ಅವಳ ಮಾತು ಕೇಳಿಸಿಕೊಳ್ಳಲು ಎಲ್ಲರೂ ಬಗ್ಗಬೇಕಾಯಿತು. “ನನ್ನ ಕೈ ನನ್ನ ಮಾತು ಕೇಳ್ತಿಲ್ಲ.”

“ಹತ್ತಕ್ಕೆ ಎಂಟು ಕಣೇ ನೀನು!” ಎಂದಳು ನಾದಿನಿ.

“ಈಗ ಹನ್ನೆರಡಕ್ಕೆ ಎಂಟು.” ಪಿಸುವಿನ ಕಣ್ಣು ತುಂಬಿತ್ತು. “ನಿಮ್ಮ ಪುಸ್ತಕ ನೋಡೋಕೆ ಮುಂಚೆ ನನಗೆ ಭಯಾನೇ ಇರಲಿಲ್ಲ. ಚೆಂಡು ಬರ್ತಿತ್ತು, ಎಸೀತಿದ್ದೆ. ಈಗ ಎಲ್ಲರೂ ನನ್ನೇ ನೋಡ್ತಿದ್ದಾರೆ.”

ನಾದಿನಿ ಪುಸ್ತಕವನ್ನು ಮೆಲ್ಲಗೆ ತೊಡೆಯ ಕೆಳಗೆ ತಳ್ಳಿದಳು. ಗಂಡ ತಲೆ ಎತ್ತಿ, ಬುಧವಾರದಿಂದ ಮೊದಲ ಸಲ, ಹೆಂಡತಿಯ ಮುಖವನ್ನು ನೇರವಾಗಿ ನೋಡಿದ.

“ನಾನು ಹಾಕ್ತೀನಿ,” ಎಂದಳು ಗಳಿಗಕ್ಕ.

“ನಾಲ್ಕಕ್ಕೊಂದು,” ಎಂದ ಅವನು, ಸಣ್ಣಗೆ.

“ನಿಮ್ಮ ಹತ್ರ ಬೇರೆ ಯಾರಾದರೂ ಇದ್ದಾರಾ?”

ಇರಲಿಲ್ಲ. ಅವನು ಮಾರ್ಕರಿನ ಬಾಣವನ್ನು ಅಂಗೈಯಿಂದ ಒರೆಸಿದ.

ಗಳಿಗಕ್ಕ ಪಿಸುವಿನ ಭುಜ ಹಿಡಿದಳು. “ನೀನು ಮೂಲೇಲಿ ಹೋಗಿ ನಿಂತ್ಕೋ. ಏನೂ ಮಾಡಬೇಡ. ನಿನಗೆ ಚೆಂಡು ಯಾರೂ ಕೊಡಲ್ಲ, ನನ್ನಾಣೆ. ಸುಮ್ಮನೆ ನೋಡ್ತಾ ಇರು.” ಆ ಮಾತು ಹೇಳುವಾಗ ಅವಳ ಮನಸ್ಸಿನಲ್ಲಿ ಕಪಟವೇನೂ ಇರಲಿಲ್ಲ. ಕೊನೆಗೂ ಚೆಂಡು ತನ್ನ ಕೈಗೆ ಬಂದಿತ್ತು, ಬೇರೆಯವರಿಗೆ ಕೊಡುವ ಯೋಚನೆ ಅವಳ ಹತ್ತಿರವೂ ಸುಳಿದಿರಲಿಲ್ಲ. ಹಿಂದಿನ ದಿನದಿಂದ ಬಿಳಿಚಿದ್ದ ಪಿಸುವಿನ ಮುಖಕ್ಕೆ ಮಾತ್ರ ರಕ್ತ ವಾಪಸು ಬಂತು.

“ಗಳಿಗಕ್ಕಾ! ಗಳಿಗಕ್ಕಾ!” ಸಭಾಂಗಣದ ಅರ್ಧ ಭಾಗ ಎದ್ದು ನಿಂತಿತ್ತು. ಉಳಿದರ್ಧಕ್ಕೂ ಅದೇ ಹೆಸರು ಗೊತ್ತಿತ್ತು. ಔಷಧಿ ತಂಡದ ಕೋಚ್ ಅಂಚಿಗೆ ಬಂದು ಗಂಟಲು ಹರಿದುಕೊಂಡಳು: “ಅವಳೊಬ್ಬಳನ್ನ ಬಿಡಬೇಡ್ರೇ! ಮೂರು ಜನ ಹೋಗಿ! ಮೂರು!” ಪಾಪ, ಅವಳಿಗೆ ಯಾರೂ ಎರಡು ಪುಸ್ತಕ ತೋರಿಸಿರಲಿಲ್ಲ.

ರೆಫರಿ ಸೀಟಿ ಊದಿದ. ಚೆಂಡು ಗಳಿಗಕ್ಕನ ಕೈಗೆ ಬಂತು.

ಒಂಬತ್ತು. ಎಡಕ್ಕೆ ಎರಡು ಹೆಜ್ಜೆ. ಜೋಡಿ ಬಾಗಿಲು ಜೊತೆಗೇ ಸರಿಯಿತು. ಏಳು. ಬಲಕ್ಕೆ ತಿರುಗಿದಳು. ಅಲ್ಲಿ ಕಂಬ. “ಬಾ ಅಕ್ಕ, ಬಾ,” ಎಂದಳು ಕಂಬ, ತೋಳೆರಡೂ ಅಗಲಿಸಿ, ಮನೆಗೆ ಕರೆಯುವ ಹಾಗೆ. ಐದು. ಗಳಿಗಕ್ಕ ತಲೆ ತಗ್ಗಿಸಿ ನಡುವೆ ನುಗ್ಗಿದಳು. ಭುಜಕ್ಕೆ ಯಾರದೋ ಮೊಣಕೈ. ಕಾಲಿಗೆ ಯಾರದೋ ಕಾಲು. ಮೂರು. ನೆಲ ಒದ್ದು ಹಾರಿದಳು.

ಹಾರಿದಾಗ ರಿಂಗು ಕಂಡಿತು. ಅದರ ಮುಂದೆ ಆರು ಕೈಗಳು ಕಂಡವು. ಆರು ಕೈಗಳ ಸಂದಿಯಲ್ಲಿ ಒಂದು ಚೆಂಡು ತೂರುವಷ್ಟು ಜಾಗವೂ ಕಂಡಿತು. ಖಂಡಿತ ಇತ್ತು ಆ ಜಾಗ. ಆಮೇಲೆ ಎಷ್ಟು ವರ್ಷ ಬೇಕಾದರೂ ಅವಳು ಅದರ ಮೇಲೆ ಪ್ರಮಾಣ ಮಾಡಬಲ್ಲಳು. ನಾಲ್ಕು ಸಲ ಎಸೆದರೆ ಒಂದು ಸಲ ಹೋಗುವಷ್ಟು ಜಾಗ.

ಅದೇ ಗಳಿಗೆಯಲ್ಲಿ ಕಣ್ಣಂಚಿಗೆ ಮೂಲೆಯೂ ಬಿತ್ತು. ಅಲ್ಲಿ ಪಿಸು ನಿಂತಿದ್ದಳು. ಬಸ್ಸಿಗೆ ಕಾಯುವವಳ ಹಾಗೆ, ಮೈಯೆಲ್ಲ ಸಡಿಲ ಬಿಟ್ಟು, ಬಾಯಿ ಅರ್ಧ ತೆರೆದು, ಪಂದ್ಯ ನೋಡಲು ಬಂದವಳ ಹಾಗೆ ನೋಡುತ್ತಿದ್ದಳು. ಸುತ್ತ ಹತ್ತು ಹೆಜ್ಜೆ ಯಾರೂ ಇರಲಿಲ್ಲ. ಅವಳನ್ನು ನೋಡುತ್ತಿದ್ದ ಜೀವ ಇಡೀ ಸಭಾಂಗಣದಲ್ಲಿ ಒಂದೂ ಇರಲಿಲ್ಲ, ಗಳಿಗಕ್ಕನನ್ನು ಬಿಟ್ಟರೆ.

ಈ ಸಲ ನಲವತ್ತು ಬಾರಿ ಹೀಗೆ ಹಾರಿದ್ದಳು. ಒಂದು ಬಾರಿಯೂ ರಿಂಗು ಬಿಟ್ಟು ಬೇರೆ ಕಡೆ ನೋಡಿರಲಿಲ್ಲ.

ಕೈ ಆಗಲೇ ರಿಂಗಿನ ಕಡೆ ಹೊರಟಿತ್ತು. ಹೊಟ್ಟೆಯೊಳಗಿಂದ ಯಾರೋ ‘ನನ್ನದು, ನನ್ನದು’ ಎಂದು ಅರಚಿದ ಹಾಗಾಯಿತು. ಅವಳು ಮಣಿಕಟ್ಟನ್ನು ತಿರುವಿದಳು. ತಿರುವಿದ ನೋವಿಗೋ ಹೊಟ್ಟೆಯ ಉರಿಗೋ “ಹಿಡಿಯೇ!” ಎಂದು ಕಿರುಚಿದಳು. ಚೆಂಡು ಜೋಡಿ ಬಾಗಿಲಿನ ನಡುವೆ, ಇಬ್ಬರ ಕಿವಿಗಳನ್ನು ಸವರಿಕೊಂಡು, ಮೂಲೆಗೆ ಸಿಡಿಯಿತು.

ಪಿಸುವಿಗೆ ಹೆದರಲು ಸಮಯ ಸಿಗಲಿಲ್ಲ. ಎಣಿಸಲು ಸಿಗಲಿಲ್ಲ. ಬೆಂಚು ನೋಡಲು ಸಿಗಲಿಲ್ಲ. ಎದೆಗೆ ಬಂದು ಬಡಿದ ಚೆಂಡನ್ನು ಕೈಗಳು ತಾವೇ ಹಿಡಿದವು, ತಾವೇ ಎತ್ತಿದವು.

ಇಷ್ಟನ್ನೇ ಗಳಿಗಕ್ಕ ಕಂಡದ್ದು. ಮರುಕ್ಷಣ ಕಂಬ ಅವಳ ಮೇಲೆ, ಜೋಡಿ ಬಾಗಿಲು ಕಂಬದ ಮೇಲೆ, ನಾಲ್ಕೂ ಜನ ಒಂದೇ ಗಂಟಾಗಿ ನೆಲಕ್ಕೆ ಉರುಳಿದರು. ಅವಳ ಮುಖ ಯಾರದೋ ಬೆವರು ತೊಯ್ದ ಬೆನ್ನಿಗೆ ಒತ್ತಿಕೊಂಡಿತು. ಎಲ್ಲೋ ದೂರದಲ್ಲಿ ಕೊನೆಯ ಗಂಟೆ ಕಿರ್ರೆಂದಿತು. ಆಮೇಲೆ ಚಾವಣಿ ಹಾರಿಹೋಗುವಂಥ ಸದ್ದು ಎದ್ದಿತು. ಟ್ರೇಗಳದೂ ಇತ್ತು, ಡಬ್ಬಿಗಳದೂ ಇತ್ತು. ಗೆದ್ದವರ ಕೂಗು ಯಾವುದು, ಸೋತವರ ಕೂಗು ಯಾವುದು, ಆ ಮೈಗಳ ಗುಡ್ಡೆಯ ಅಡಿಯಿಂದ ಒಂದೂ ತಿಳಿಯುವಂತಿರಲಿಲ್ಲ.

ಅವಳು ಒದ್ದಾಡಿ ಒಂದು ಕೈ ಬಿಡಿಸಿಕೊಂಡು, ಗುಡ್ಡೆಯಿಂದ ತಲೆ ಹೊರಚಾಚಿ ನೋಡುತ್ತಿದ್ದ ಕಂಬವನ್ನು ಕೈಗೆ ಸಿಕ್ಕಿದ್ದು ಹಿಡಿದು ಜಗ್ಗಿದಳು.

“ಏ, ಬಿತ್ತಾ?”

ಕಂಬ ಮೂಲೆಯ ಕಡೆ ನೋಡಿದಳು, ರಿಂಗಿನ ಕಡೆ ನೋಡಿದಳು, ಒಂದು ನಿಟ್ಟುಸಿರು ಬಿಟ್ಟಳು.

“ಬಾಯಿ ಬಿಟ್ಟು ಹೇಳೇ, ನಿನ್ನ ದಮ್ಮಯ್ಯ! ಬಿತ್ತಾ ಇಲ್ವಾ?”

“ಬಿತ್ತು ಕಣಕ್ಕ, ಬಿತ್ತು,” ಎಂದಳು ಕಂಬ, ಕಹಿ ಮಾತ್ರೆ ನುಂಗಿದವಳ ಮುಖದಲ್ಲಿ. “ಈಗಲಾದ್ರೂ ನನ್ನ ಜಡೆ ಬಿಡ್ತೀಯಾ?”